ಕೊಲ್ಲದೆಯೂ ಕೆಲಸ ಮಾಡುವ ಬಿಲ್ವದ ಕಾಯಿ

ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಗದ್ದುಗೆಗೆಂದು ಬಿಲ್ವಪತ್ರೆ ಕೊಳ್ಳುವವರು ನೂರು ಜನ ಸಿಕ್ಕರೆ, ಬಿಲ್ವದ ಕಾಯಿ ಕೇಳುವವರು ಒಬ್ಬರೋ ಇಬ್ಬರೋ. ಹೋದ ಸಲ ದೇವಸ್ಥಾನದ ಹೊರಗೆ ಪತ್ರೆ ಮಾರುತ್ತಿದ್ದ ಅಜ್ಜಿಯ ಹತ್ತಿರ ನಾನು ಕೇಳಿದೆ. "ಯಾಕಪ್ಪಾ, ಹೊಟ್ಟೆ ಕೆಟ್ಟೈತಾ?" ಎಂದರು. "ಎಳೇದು ತಗಂಡು ಬಿಲ್ಲೆ ಕುಯ್ದು ಒಣಗಿಸ್ಕ. ಕುದಿಸಿ ಕುಡುದ್ರೆ ನಿಂತೋಯ್ತದೆ. ಹಣ್ಣಾಗಿರೋದು ಮಾತ್ರ ಬ್ಯಾಡ, ಅದು ಇನ್ನೂ ಕಳಿಸ್ತದೆ."

ಕುಣಿಗಲ್ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಬಿ.ಎಸ್ಸಿ. ಹುಡುಗನಿಗೆ ಈ ಮಾತು ಹೇಳಿದರೆ ನಕ್ಕುಬಿಟ್ಟ. "ಅದು ಬ್ಯಾಕ್ಟೀರಿಯಾ ಸಾಯಿಸಲ್ಲ ಸಾರ್. ಲ್ಯಾಬ್‌ನಲ್ಲಿ ಹಾಕಿ ನೋಡಿದೀವಿ, ಏನೂ ಆಗಲ್ಲ."

ಹುಡುಗ ನೋಡಿದ್ದು ನಿಜ. ಅದರಿಂದ ಅವನು ಕಟ್ಟಿಕೊಂಡ ತೀರ್ಮಾನ ಮಾತ್ರ ತಪ್ಪು.

ತಪ್ಪು ಕಲ್ಪನೆ: ಕ್ರಿಮಿ ಸಾಯದಿದ್ದರೆ ಅದು ಮದ್ದೇ ಅಲ್ಲ.

ಮುಂಬಯಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್‌ನವರು ಒಣಗಿಸಿದ ಎಳೆ ಬಿಲ್ವಕಾಯಿಯ ಕಷಾಯವನ್ನು ಕೂಲಂಕಷವಾಗಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೇದಿ ತರುವ ಆರು ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕಷಾಯ ಹಾಕಿದರು. ಆರರಲ್ಲಿ ಒಂದೂ ಸಾಯಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಅವರೂ ಬಸ್ಸಿನ ಹುಡುಗನ ಮಾತನ್ನೇ ಹೇಳುತ್ತಿದ್ದರು. ಅವರು ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಹೊಟ್ಟೆಯೊಳಗೆ ಕ್ರಿಮಿ ಇದ್ದಮಾತ್ರಕ್ಕೆ ಭೇದಿಯಾಗುತ್ತದೆಯೇ?

ಆಗುವುದಿಲ್ಲ. ಕ್ರಿಮಿ ಮೊದಲು ಕರುಳಿನ ಗೋಡೆಗೆ ಅಂಟಬೇಕು. ಕೆಲವು ಜಾತಿಯವು ಒಳಗೇ ನುಗ್ಗುತ್ತವೆ. ಕಾಲರಾದಂಥವು ಅಂಟಿಕೊಂಡು ವಿಷ ಉಗುಳುತ್ತವೆ. ಆ ವಿಷ ಕರುಳಿನ ಜೀವಕೋಶದ ಮೇಲಿರುವ ಒಂದು ಕೊಕ್ಕೆಗೆ ಸಿಕ್ಕಿಕೊಂಡ ಮೇಲೆಯೇ ನಲ್ಲಿ ತಿರುಗಿಸಿದ ಹಾಗೆ ನೀರು ಹೊರಬರುವುದು. ಬಿಲ್ವದ ಕಷಾಯ ಈ ದಾರಿಯಲ್ಲಿ ಅಲ್ಲಲ್ಲಿ ಅಡ್ಡ ನಿಂತಿತ್ತು. ಅಂಟುವುದು ಕಡಿಮೆಯಾಯಿತು, ಒಳನುಗ್ಗುವುದು ಕಡಿಮೆಯಾಯಿತು, ಕಾಲರಾ ವಿಷದ ಉತ್ಪಾದನೆ ಕುಗ್ಗಿತು, ವಿಷ ಕೊಕ್ಕೆಗೆ ಸಿಕ್ಕುವುದೂ ತಗ್ಗಿತು. ಮಲೆನಾಡಿನವರು ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ತೋಟಕ್ಕೆ ಇಳಿಯುತ್ತಾರಲ್ಲ, ಹಾಗೆ. ತೋಟದ ಜಿಗಣೆಯೇನೂ ಸತ್ತಿರುವುದಿಲ್ಲ, ಕಾಲಿಗೆ ಹತ್ತುವುದಿಲ್ಲ ಅಷ್ಟೆ.

ಇದೇ ಪರೀಕ್ಷೆಯಲ್ಲಿ ಬಿಲ್ವ ಸೋತ ಜಾಗವೂ ಇದೆ. ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬಿಸಿಗೂ ಕೆಡದ ಇನ್ನೊಂದು ವಿಷ ಉಗುಳುತ್ತವೆ. ಅದರ ಮೇಲೆ ಕಷಾಯದ ಆಟ ನಡೆಯಲಿಲ್ಲ. ಅಂದರೆ ಒಂದೇ ಊರಿನ, ಒಂದೇ ಬೀದಿಯ ಇಬ್ಬರಿಗೆ ಭೇದಿಯಾಗಿ, ಒಂದೇ ಕಾಯಿಯ ಕಷಾಯ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಹಿಡಿಯದೆ ಹೋಗಬಹುದು. ಇದೆಲ್ಲ ಪ್ರಯೋಗಾಲಯದಲ್ಲಿ ಕಂಡದ್ದು, ರೋಗಿಗಳ ಮೇಲೆ ಅಲ್ಲ ಎಂಬುದನ್ನೂ ಸೇರಿಸಿ ಓದಿಕೊಳ್ಳಬೇಕು.

ತಪ್ಪು ಕಲ್ಪನೆ: ಲ್ಯಾಬ್‌ನಲ್ಲಿ ಕ್ರಿಮಿ ಸತ್ತಿತಂತೆ, ಅಂದಮೇಲೆ ರೋಗ ವಾಸಿಯಾದಂತೆಯೇ.

ಇದು ಮೊದಲಿನದರ ತದ್ವಿರುದ್ಧ. ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದು ಇದೇ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಸೊಪ್ಪಿನ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಿದರೆ 'ಕ್ರಿಮಿನಾಶಕ ಗುಣ ಸಾಬೀತು' ಎಂದು ಸುದ್ದಿ. ವಿನೆಗರ್ ಇಟ್ಟರೂ ಆ ಉಂಗುರ ಬರುತ್ತದೆ. ತಟ್ಟೆಯ ಮೇಲಿನ ಗಟ್ಟಿ ಸಾರ ಕುಡಿದ ಮೇಲೆ ಹೊಟ್ಟೆಯಲ್ಲಿ ಎಷ್ಟು ತೆಳುವಾಗುತ್ತದೆ, ಕರುಳಿನ ತನಕ ಎಷ್ಟು ಉಳಿಯುತ್ತದೆ ಎಂಬುದನ್ನು ಉಂಗುರ ಹೇಳುವುದಿಲ್ಲ.

ರೋಗಿಗಳಿಗೇ ಕೊಟ್ಟು ಅಳೆದದ್ದೂ ಉಂಟು. ನಮ್ಮ ಪಶ್ಚಿಮಘಟ್ಟದ ಮರದರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಬರ್ಬೆರಿನ್ ಎಂಬ ಅಂಶವನ್ನು ಢಾಕಾದಲ್ಲಿ 165 ವಯಸ್ಕ ರೋಗಿಗಳ ಮೇಲೆ ಪರೀಕ್ಷಿಸಿ 1987ರಲ್ಲಿ ವರದಿ ಮಾಡಿದರು. ಇ. ಕೋಲೈ ಭೇದಿಯಲ್ಲಿ 400 ಮಿಲಿಗ್ರಾಂನ ಒಂದೇ ಡೋಸ್ ಪಡೆದವರ ಪೈಕಿ ಶೇ. 42 ಮಂದಿಗೆ 24 ಗಂಟೆಯೊಳಗೆ ನಿಂತಿತು. ಪಡೆಯದವರಲ್ಲಿ ಶೇ. 20 ಮಂದಿಗೆ. ಕಾಲರಾದಲ್ಲಿ ಲಾಭ ಅಲ್ಪ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಜೊತೆ ಸೇರಿಸಿ ಕೊಟ್ಟಾಗ ಹೆಚ್ಚಿನದೇನೂ ಕಾಣಲಿಲ್ಲ. ಈ ಲೆಕ್ಕ ತೂಗಿ ಕೊಟ್ಟ ಶುದ್ಧ ಬರ್ಬೆರಿನ್‌ನದು, ಮನೆಯಲ್ಲಿ ಕುದಿಸಿದ ಕಡ್ಡಿಯದಲ್ಲ. ಮರದರಿಶಿನವಂತೂ ಕಡಿದು ಕಡಿದು ಅಳಿವಿನಂಚಿಗೆ ಬಂದಿರುವ ಬಳ್ಳಿ. ಅದನ್ನು ಹುಡುಕಿಕೊಂಡು ಹೋಗದಿರುವುದೇ ಲೇಸು.

ತಪ್ಪು ಕಲ್ಪನೆ: ಗ್ರಂಧಿಗೆ ಅಂಗಡಿಯವರು ಕೊಡಸಿಗ ಎಂದು ಕೊಟ್ಟದ್ದೆಲ್ಲ ಕೊಡಸಿಗವೇ.

ಆಯುರ್ವೇದದವರು ಕುಟಜ ಎನ್ನುವ ಕೊಡಸಿಗದ ತೊಗಟೆಗೆ ಭೇದಿಯ ಮದ್ದುಗಳಲ್ಲಿ ಮೊದಲ ಮಣೆ. ಕುಟಜಾರಿಷ್ಟ ಆಗುವುದು ಇದರಿಂದಲೇ. ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮ್‌ನಾಥ್ ಚೋಪ್ರಾ 1920ರ ದಶಕದಲ್ಲೇ ಅಮೀಬಾದಿಂದ ಬರುವ ಭೇದಿಗೆ ಇದನ್ನು ಪರೀಕ್ಷೆಗೆ ಹಚ್ಚಿದ್ದರು. ಕೊಡಸಿಗ ಮಲೆನಾಡಿನ ಕಡೆ ಧಾರಾಳ, ಅಲ್ಲಿಯವರು ಅದರ ಹೂವಿನ ತಂಬುಳಿಯನ್ನೂ ಮಾಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಸುಲಭಕ್ಕೆ ಸಿಗುವುದು ಅದರ ದಾಯಾದಿ ಆಲೆಮರ. ಚನ್ನಪಟ್ಟಣದವರು ಬೊಂಬೆ ಮಾಡುವ ಮರವೇ ಅದು. ಎರಡೂ ಗಿಡ ಚಿವುಟಿದರೆ ಹಾಲು ಬರುತ್ತದೆ, ಎರಡಕ್ಕೂ ಬಿಳಿ ಹೂ, ಎರಡಕ್ಕೂ ಜೋಡಿ ಕೋಡು. ಆಲೆಯ ತೊಗಟೆ, ಬೀಜ ಕೊಡಸಿಗದ ಹೆಸರಿನಲ್ಲಿ ಬಿಕರಿಯಾಗುವುದು ಹಳೆಯ ಸಂಗತಿ. ಬೀಜವಾದರೆ ಒಂದನ್ನು ಕಚ್ಚಿ ನೋಡಿ. ಕೊಡಸಿಗದ್ದು ನಾಲಿಗೆ ಮುದುಡುವಷ್ಟು ಕಹಿ, ಆಲೆಯದಕ್ಕೆ ಆ ಕಹಿಯಿಲ್ಲ. ಅದಕ್ಕೆ 'ಸಿಹಿ ಇಂದ್ರಜವೆ' ಎಂಬ ಹೆಸರೇ ಇದೆ. ಆಲೆ ವಿಷವೇನಲ್ಲ, ಚರ್ಮಕ್ಕೆ ಹಚ್ಚುವ ಎಣ್ಣೆಗೆ ಬಳಸುತ್ತಾರೆ. ಆದರೆ ಕೊಡಸಿಗದ ಮೇಲೆ ನಡೆದ ಪರೀಕ್ಷೆಯ ಫಲವನ್ನು ಆಲೆಗೆ ಅಂಟಿಸಲಾಗದು. ಪುಡಿ ಮಾಡಿದ ಮೇಲಂತೂ ಕಣ್ಣಿಗೆ ಎರಡೂ ಒಂದೇ.

ತಪ್ಪು ಕಲ್ಪನೆ: ತಾಮ್ರದ ಚೆಂಬಿನ ನೀರು ಬರೀ ಮಡಿಯವರ ಮಾತು.

ಗಿಡವಲ್ಲದಿದ್ದರೂ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯವರು ಕಾಲರಾ, ಟೈಫಾಯ್ಡ್, ಶಿಗೆಲ್ಲಾ, ಇ. ಕೋಲೈ ಬೆರೆಸಿದ ನೀರನ್ನು ತಾಮ್ರದ ಬಿಂದಿಗೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಆಮೇಲೆ ಒಂದು ಬ್ಯಾಕ್ಟೀರಿಯಾವೂ ಸಿಗಲಿಲ್ಲ. ನೀರಿಗಿಳಿದ ತಾಮ್ರ ಸುರಕ್ಷಿತ ಮಿತಿಗಿಂತ ಬಹಳ ಕೆಳಗಿತ್ತು. 2012ರಲ್ಲಿ ಇದು ಪ್ರಕಟವಾಯಿತು. ಅದೇ ಉತ್ಸಾಹದಲ್ಲಿ ತಾಮ್ರದ ಬಾಟಲಿಗೆ ನೀರು ತುಂಬಿ ಗಂಟೆಯೊಳಗೆ ಕುಡಿದರೆ ಈ ಪರೀಕ್ಷೆ ನಿಮ್ಮ ಬೆಂಬಲಕ್ಕೆ ಬರುವುದಿಲ್ಲ. ಮಜ್ಜಿಗೆ, ನಿಂಬೆ ಪಾನಕವನ್ನು ಅದರಲ್ಲಿ ಇಡಲೇಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ.

ತಪ್ಪು ಕಲ್ಪನೆ: ಭೇದಿಯಾದವರಿಗೆ ನೀರು ಕೊಟ್ಟರೆ ಇನ್ನೂ ಹೋಗುತ್ತದೆ. ಕಷಾಯ ಕೊಟ್ಟು ನಿಲ್ಲಿಸಿದರೆ ಸಾಕು.

ಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಕ್ರಿಮಿಯಲ್ಲ, ಮೈಯಿಂದ ಹೋದ ನೀರು ಮತ್ತು ಉಪ್ಪು. ಬಿಲ್ವವಾಗಲಿ ಕೊಡಸಿಗವಾಗಲಿ ಅದನ್ನು ತುಂಬಿಕೊಡಲಾರವು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು ಕುಡಿಸಿದರು. ಸಾವು ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ಕ್ರಿಮಿ ಕೊಲ್ಲುವ ಯಾವ ಗುಣವೂ ಆ ನೀರಿಗೆ ಇರಲಿಲ್ಲ! ಗ್ಲೂಕೋಸ್ ಕರುಳಿನ ಗೋಡೆ ದಾಟಿ ಮೈಯೊಳಗೆ ಹೋಗುವಾಗ ಉಪ್ಪನ್ನು ಜೊತೆಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಈ ದಾರಿ ಭೇದಿಯಲ್ಲೂ ಮುಚ್ಚುವುದಿಲ್ಲ.

2024ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಿಂದ ಜೀವಗಳು ಹೋದವು. ಹಾಗಾಗಿ ಈ ವಿಷಯದಲ್ಲಿ ಸಲಿಗೆ ಬೇಡ. ಅಂಥದೇ ಉಪ್ಪು, ಗ್ಲೂಕೋಸಿನ ಬೆರಕೆ ಇರುವ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಅಳೆದ ಒಂದು ಲೀಟರ್ ಶುದ್ಧ ನೀರಿಗೇ ಹಾಕಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕುಡಿಸಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ವೈದ್ಯರು ಮಕ್ಕಳಿಗೆ ಬರೆದುಕೊಟ್ಟ ಸತುವಿನ ಮಾತ್ರೆಯನ್ನು ಭೇದಿ ನಿಂತಿತೆಂದು ನಡುವೆ ಬಿಡಬೇಡಿ. ಮಲದಲ್ಲಿ ರಕ್ತ ಕಂಡರೆ, ಉಚ್ಚೆ ನಿಂತರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ ಕಷಾಯದ ಪಾತ್ರೆ ಒಲೆಯ ಮೇಲೇ ಇರಲಿ, ನೀವು ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಿ.