ಬ್ರಿಡ್ಜ್ ಆಟದಲ್ಲಿ ಕೂಗು, ಎಲೆ ಎಣಿಕೆ ಮತ್ತು ಶಿಷ್ಟಾಚಾರ

ಬ್ರಿಡ್ಜ್ ಎಂಬುದು 52 ಎಲೆಗಳ ಇಸ್ಪೀಟು ಕಟ್ಟಿನಿಂದ ನಾಲ್ವರು ಇಬ್ಬಿಬ್ಬರ ಎರಡು ಜೋಡಿಗಳಾಗಿ ಆಡುವ ಆಟ. ಇಂದು ಜಗತ್ತಿನಾದ್ಯಂತ ಪ್ರಚಲಿತವಾಗಿರುವುದು ಕಾಂಟ್ರಾಕ್ಟ್ ಬ್ರಿಡ್ಜ್ ಎಂಬ ರೂಪ. ಇದರ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ, ಪನಾಮಾ ಕಾಲುವೆಯ ಮೂಲಕ ಸಾಗುತ್ತಿದ್ದ ಹಡಗಿನ ಪ್ರಯಾಣದಲ್ಲಿ ರೂಪಿಸಿದನು. ಆಟಕ್ಕೆ ಎರಡು ಘಟ್ಟಗಳಿವೆ: ಮೊದಲು ಕೂಗು, ನಂತರ ಎಲೆಗಳನ್ನು ಆಡುವುದು. ಜೊತೆಗಾರನ ಕೈಯಲ್ಲಿ ಏನಿದೆ ಎಂಬುದನ್ನು ಅವನ ಕೂಗಿನಿಂದಲೂ ಅವನು ಹಾಕಿದ ಎಲೆಯಿಂದಲೂ ಮಾತ್ರ ತಿಳಿಯಬಹುದು. ಮುಖಭಾವ, ದನಿ, ತಡವರಿಕೆ, ಕೈಸನ್ನೆಗಳಿಂದ ತಿಳಿಯುವಂತಿಲ್ಲ. ಆಟದ ಶಿಷ್ಟಾಚಾರವೆಲ್ಲ ಈ ಒಂದು ಕಟ್ಟಳೆಯಿಂದ ಹುಟ್ಟಿದೆ. ಆದುದರಿಂದ ಬ್ರಿಡ್ಜ್‌ನಲ್ಲಿ ಶಿಷ್ಟಾಚಾರವೆಂದರೆ ಕೇವಲ ಸಭ್ಯತೆಯಲ್ಲ, ಅದು ಆಟದ ನಿಯಮದ ಭಾಗವೇ ಆಗಿದೆ.

ಆಟದ ಸ್ವರೂಪ

ನಾಲ್ವರು ಆಟಗಾರರನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ದಿಕ್ಕುಗಳ ಹೆಸರಿನಿಂದ ಗುರುತಿಸುವುದು ರೂಢಿ. ಉತ್ತರ–ದಕ್ಷಿಣ ಒಂದು ಜೋಡಿ, ಪೂರ್ವ–ಪಶ್ಚಿಮ ಇನ್ನೊಂದು. ಪ್ರತಿಯೊಬ್ಬರಿಗೂ 13 ಎಲೆಗಳು ಹಂಚಲ್ಪಡುತ್ತವೆ. ಒಬ್ಬನು ಒಂದು ಎಲೆ ಹಾಕಿದರೆ ಉಳಿದ ಮೂವರೂ ಅದೇ ಜಾತಿಯ ಎಲೆಯನ್ನು, ಕೈಯಲ್ಲಿದ್ದರೆ, ಹಾಕಲೇಬೇಕು. ಹೀಗೆ ಬಿದ್ದ ನಾಲ್ಕು ಎಲೆಗಳ ಸುತ್ತಿಗೆ ಟ್ರಿಕ್ ಎಂದು ಹೆಸರು. ದೊಡ್ಡ ಎಲೆ ಹಾಕಿದವನ ಜೋಡಿಗೆ ಟ್ರಿಕ್ ಸಲ್ಲುತ್ತದೆ. ತುರುಪು ಬಿದ್ದಿದ್ದರೆ ದೊಡ್ಡ ತುರುಪಿನದು. ಒಂದು ಹಂಚಿಕೆಯಲ್ಲಿ ಒಟ್ಟು 13 ಟ್ರಿಕ್‌ಗಳಿರುತ್ತವೆ.

ಕರಾವಳಿಯಲ್ಲೂ ಕೇರಳದಲ್ಲೂ ಆಡುವ ‘ಇಪ್ಪತ್ತೆಂಟು’ ಆಟವನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು. ಅಲ್ಲಿಯೂ ಎದುರುಬದುರು ಕುಳಿತ ಜೊತೆಗಾರರು, ಕೂಗು ಮತ್ತು ತುರುಪು ಇವೆ. ಆದರೆ ಅಲ್ಲಿ 32 ಎಲೆಗಳಷ್ಟೇ ಇದ್ದು, ಗುಲಾಮನೇ ಎಲ್ಲಕ್ಕಿಂತ ದೊಡ್ಡವನು ಮತ್ತು ತುರುಪನ್ನು ಮೊದಲಿಗೆ ಮುಚ್ಚಿಡಲಾಗುತ್ತದೆ. ಬ್ರಿಡ್ಜ್‌ನಲ್ಲಿ ಎಕ್ಕವೇ ದೊಡ್ಡದು. ತುರುಪು ಯಾವುದೆಂಬುದು ಕೂಗು ಮುಗಿದೊಡನೆ ಎಲ್ಲರಿಗೂ ಗೊತ್ತಿರುತ್ತದೆ.

ಕೂಗು

ರಾಯಚೂರಿನ ಹತ್ತಿ ಮಾರುಕಟ್ಟೆಯ ಹರಾಜಿನಲ್ಲಿ ಖರೀದಿದಾರನ ಕೂಗಿಗೆ ಒಂದೇ ಅರ್ಥ: ಇಷ್ಟು ಬೆಲೆ ಕೊಡುತ್ತೇನೆ. ಬ್ರಿಡ್ಜ್‌ನ ಕೂಗಿಗೆ ಎರಡು ಅರ್ಥಗಳಿರುತ್ತವೆ. ಅದು ಗೆಲ್ಲುತ್ತೇವೆಂದು ಒಪ್ಪಿಕೊಳ್ಳುವ ಟ್ರಿಕ್‌ಗಳ ಲೆಕ್ಕವೂ ಹೌದು, ಜೊತೆಗಾರನಿಗೆ ತನ್ನ ಕೈಯನ್ನು ವರ್ಣಿಸುವ ಸಂದೇಶವೂ ಹೌದು.

ಕೂಗು 1ರಿಂದ 7ರವರೆಗಿನ ಒಂದು ಸಂಖ್ಯೆಯನ್ನೂ ಒಂದು ಜಾತಿಯನ್ನೂ ಹೇಳುತ್ತದೆ. ಸಂಖ್ಯೆಗೆ 6 ಸೇರಿಸಿದರೆ ಗೆಲ್ಲಬೇಕಾದ ಟ್ರಿಕ್‌ಗಳ ಮೊತ್ತ ಸಿಗುತ್ತದೆ. ‘ನಾಲ್ಕು ಆಟೀನು’ ಎಂದರೆ ಆಟೀನು ತುರುಪಾಗಿ 10 ಟ್ರಿಕ್ ಗೆಲ್ಲುವ ಮಾತು. ಜಾತಿಗಳ ಏರಿಕೆಯ ಕ್ರಮ ಕಳಾವರ್, ಡೈಮಂಡ್, ಆಟೀನು, ಇಸ್ಪೀಟು. ಎಲ್ಲಕ್ಕೂ ಮೇಲೆ ತುರುಪೇ ಇಲ್ಲದ ಆಟ, ಅಂದರೆ ನೋ ಟ್ರಂಪ್. ಹೀಗೆ ಒಟ್ಟು 35 ಕೂಗುಗಳಿವೆ. ಇವಲ್ಲದೆ ಪಾಸ್, ಡಬಲ್, ರೀಡಬಲ್ ಎನ್ನಬಹುದು. ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲಿನದಾಗಿರಬೇಕು. ಒಂದು ಕೂಗಿನ ಮೇಲೆ ಮೂವರು ಒಬ್ಬರ ಹಿಂದೊಬ್ಬರು ಪಾಸ್ ಎಂದರೆ ಅದೇ ಕಾಂಟ್ರಾಕ್ಟ್ ಆಗುತ್ತದೆ. ಗೆದ್ದ ಜೋಡಿಯಲ್ಲಿ ಆ ಜಾತಿಯನ್ನು ಮೊದಲು ಹೆಸರಿಸಿದವನು ಡಿಕ್ಲೇರರ್. ಅವನ ಎಡಗಡೆಯವನು ಮೊದಲ ಎಲೆ ಹಾಕಿದ ಮೇಲೆ ಜೊತೆಗಾರನು ತನ್ನ 13 ಎಲೆಗಳನ್ನೂ ಮೇಜಿನ ಮೇಲೆ ತೆರೆದಿಟ್ಟು ಡಮ್ಮಿಯಾಗುತ್ತಾನೆ. ಎರಡೂ ಕೈಗಳನ್ನು ಡಿಕ್ಲೇರರನೇ ಆಡಿಸುತ್ತಾನೆ.

ಕೈಯ ಬಲವನ್ನು ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂಕದಂತೆ ಎಣಿಸುವ ಪದ್ಧತಿಯಿದೆ. ಕಟ್ಟಿನಲ್ಲಿ ಒಟ್ಟು 40 ಅಂಕಗಳಿರುವುದರಿಂದ ಒಂದು ಕೈಯ ಸರಾಸರಿ 10. ಸಾಮಾನ್ಯವಾಗಿ 12 ಅಥವಾ 13 ಅಂಕಗಳಿದ್ದರೆ ಕೂಗನ್ನು ಆರಂಭಿಸುತ್ತಾರೆ. ಇಬ್ಬರದೂ ಸೇರಿ 25ರಷ್ಟಾದರೆ ‘ಗೇಮ್’ ಎಂಬ ಹೆಚ್ಚುವರಿ ಅಂಕ ತರುವ ಮಟ್ಟವನ್ನು ಮುಟ್ಟಬಹುದು. ಕಳಾವರ್, ಡೈಮಂಡ್‌ಗಳಲ್ಲಿ ಟ್ರಿಕ್ಕಿಗೆ 20, ಆಟೀನು, ಇಸ್ಪೀಟುಗಳಲ್ಲಿ 30 ದೊರೆಯುತ್ತದೆ. ನೋ ಟ್ರಂಪ್‌ನಲ್ಲಿ ಮೊದಲನೆಯದಕ್ಕೆ 40, ಮುಂದಿನವಕ್ಕೆ 30. ಗೇಮ್‌ಗೆ 100 ಬೇಕಾದ್ದರಿಂದ ನೋ ಟ್ರಂಪ್‌ನಲ್ಲಿ ಮೂರು, ಆಟೀನು ಅಥವಾ ಇಸ್ಪೀಟಿನಲ್ಲಿ ನಾಲ್ಕು, ಉಳಿದೆರಡರಲ್ಲಿ ಐದರ ಕೂಗು ಅಗತ್ಯ. ಕೂಗಿನ ಹೆಚ್ಚಿನ ಕಸರತ್ತು ಈ ಮೆಟ್ಟಿಲನ್ನು ಏರಬೇಕೋ ಕೆಳಗೇ ನಿಲ್ಲಬೇಕೋ ಎಂಬ ಪ್ರಶ್ನೆಯ ಸುತ್ತಲೇ ನಡೆಯುತ್ತದೆ.

ಕೆಲವು ಕೂಗುಗಳಿಗೆ ಮೇಲ್ನೋಟದ ಅರ್ಥವೇ ಇರುವುದಿಲ್ಲ. ಒಬ್ಬನು ‘ಒಂದು ನೋ ಟ್ರಂಪ್’ ಎಂದನೆಂದುಕೊಳ್ಳೋಣ. ಹಲವು ಪದ್ಧತಿಗಳಲ್ಲಿ ಇದು 15ರಿಂದ 17 ಅಂಕಗಳ ಸಮತೋಲದ ಕೈಯನ್ನು ಸೂಚಿಸುತ್ತದೆ. ಜೊತೆಗಾರನು ‘ಎರಡು ಕಳಾವರ್’ ಎಂದರೆ ಅವನಲ್ಲಿ ಕಳಾವರ್ ಇದೆಯೆಂದಲ್ಲ. ‘ನಿನ್ನಲ್ಲಿ ನಾಲ್ಕು ಆಟೀನಾಗಲಿ ನಾಲ್ಕು ಇಸ್ಪೀಟಾಗಲಿ ಇವೆಯೇ?’ ಎಂಬ ಪ್ರಶ್ನೆ ಅದು. ಇದಕ್ಕೆ ಸ್ಟೇಮನ್ ಎಂದು ಹೆಸರು. ‘ಎರಡು ಆಟೀನು’ ಎಂಬ ಉತ್ತರ ಬಂದರೆ, ತನ್ನಲ್ಲಿಯೂ ನಾಲ್ಕು ಆಟೀನಿರುವ ಜೊತೆಗಾರನು ಅಂಕಗಳು ಸಾಕಷ್ಟಿದ್ದಲ್ಲಿ ‘ನಾಲ್ಕು ಆಟೀನು’ ಎಂದು ಮುಗಿಸುತ್ತಾನೆ.

ಇಂಥ ಒಪ್ಪಂದಗಳು ಗುಟ್ಟಿನ ಸಂಕೇತಗಳಂತೆ ಕಂಡರೂ ಅವು ಗುಟ್ಟಲ್ಲ. ಯಾವ ಕೂಗಿಗೆ ಯಾವ ಅರ್ಥವನ್ನು ಇಟ್ಟುಕೊಂಡಿದ್ದೇವೆ ಎಂಬುದನ್ನು ಎದುರಾಳಿಗಳಿಗೆ ಮೊದಲೇ ತಿಳಿಸಿರಬೇಕು, ಕೇಳಿದಾಗ ವಿವರಿಸಬೇಕು. ಎದುರಾಳಿಗೆ ಅರ್ಥ ಹೇಳಲಾಗದ ಸಂಕೇತವನ್ನು ಜೊತೆಗಾರನಿಗೂ ಕಳಿಸುವಂತಿಲ್ಲ. ಭಾಷೆಯೊಂದನ್ನು ಕಟ್ಟಿಕೊಳ್ಳುವ ಸ್ವಾತಂತ್ರ್ಯವಿದೆ. ಅದರ ನಿಘಂಟನ್ನು ಮುಚ್ಚಿಡುವ ಸ್ವಾತಂತ್ರ್ಯವಿಲ್ಲ.

ಎಲೆ ಎಣಿಕೆ

ಬ್ಲ್ಯಾಕ್‌ಜ್ಯಾಕ್ ಆಡಿಸುವ ಜೂಜುಕಟ್ಟೆಗಳಲ್ಲಿ ಎಲೆ ಎಣಿಸುವವನನ್ನು ಹೊರಗೆ ಕಳಿಸುವುದುಂಟು. ಬ್ರಿಡ್ಜ್‌ನಲ್ಲಿ ಎಣಿಸದವನು ಆಡುತ್ತಲೇ ಇಲ್ಲವೆನ್ನಬೇಕು. ಎಣಿಕೆ ಮನಸ್ಸಿನಲ್ಲೇ ನಡೆಯಬೇಕೆಂಬುದಷ್ಟೇ ಷರತ್ತು. ಆಟದ ನಡುವೆ ಚೀಟಿಯಲ್ಲಿ ಗುರುತು ಮಾಡಿಕೊಳ್ಳುವುದು ಮುಂತಾದ ನೆನಪಿನ ಸಹಾಯಗಳಿಗೆ ನಿಯಮಗಳಲ್ಲಿ ಅವಕಾಶವಿಲ್ಲ.

ಒಬ್ಬನಿಗೆ ಬರಬಹುದಾದ ಬೇರೆ ಬೇರೆ ಕೈಗಳ ಸಂಖ್ಯೆ 635,01,35,59,600. ಇವನ್ನು ನೆನಪಿಡುವ ಪ್ರಶ್ನೆಯೇ ಇಲ್ಲ. ನೆನಪಿಡಬೇಕಾದುದು 13 ಎಂಬ ಒಂದೇ ಸಂಖ್ಯೆ: ಪ್ರತಿ ಜಾತಿಯಲ್ಲಿ 13 ಎಲೆ, ಪ್ರತಿ ಕೈಯಲ್ಲಿ 13 ಎಲೆ. ಡಮ್ಮಿ ತೆರೆದ ಮೇಲೆ ಡಿಕ್ಲೇರರನಿಗೆ 26 ಎಲೆಗಳು ಕಾಣುತ್ತವೆ. ಉಳಿದ 26 ಎದುರಾಳಿಗಳಿಬ್ಬರಲ್ಲಿ ಹೇಗೆ ಹಂಚಿವೆ ಎಂಬುದನ್ನು ಕಂಡುಹಿಡಿಯುವುದೇ ಎಣಿಕೆ. ಕಲಿಯುವವರು ಬಿದ್ದ ಪ್ರತಿಯೊಂದು ಎಲೆಯನ್ನೂ ಕಂಠಪಾಠ ಮಾಡಲು ಹೊರಟು ಸೋಲುತ್ತಾರೆ. ಹೊರಗಿರುವ ಎಲೆಗಳನ್ನು ಮಾತ್ರ, ಮೊದಲಿಗೆ ಒಂದೇ ಜಾತಿಯಲ್ಲಿ, ಕಳೆಯುತ್ತ ಹೋಗುವುದು ಸುಲಭದ ದಾರಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಕ್ಷಿಣದವನು ಡಿಕ್ಲೇರರ್. ಡೈಮಂಡ್‌ನಲ್ಲಿ ಅವನ ಕೈಯಲ್ಲಿ ಎಕ್ಕ, ಹತ್ತು ಮತ್ತು ಎರಡು ಚಿಕ್ಕ ಎಲೆಗಳಿವೆ. ಡಮ್ಮಿಯಾದ ಉತ್ತರದಲ್ಲಿ ರಾಜ, ಗುಲಾಮ ಮತ್ತು ಎರಡು ಚಿಕ್ಕವು. ಹೊರಗಿರುವ ಐದು ಡೈಮಂಡ್‌ಗಳಲ್ಲಿ ರಾಣಿಯೂ ಒಂದು. ಅದು ಯಾರಲ್ಲಿದೆ ಎಂದು ಊಹಿಸಿದರೆ ಆ ಜಾತಿಯ ನಾಲ್ಕು ಟ್ರಿಕ್‌ಗಳೂ ತನ್ನವು. ಪಶ್ಚಿಮದವನು ‘ಎರಡು ಇಸ್ಪೀಟು’ ಎಂದು ಕೂಗನ್ನು ಆರಂಭಿಸಿದ್ದನು. ಅವರ ಪದ್ಧತಿಯಂತೆ ಅದು ಆರು ಇಸ್ಪೀಟುಗಳನ್ನು ಸೂಚಿಸುತ್ತದೆ. ಡಿಕ್ಲೇರರನು ಡೈಮಂಡ್ ಮುಟ್ಟದೆ ಮೊದಲು ಆಟೀನನ್ನು ಆಡುತ್ತಾನೆ. ಪಶ್ಚಿಮದವನು ಎರಡು ಬಾರಿ ಆಟೀನು ಹಾಕಿ ಮೂರನೆಯ ಬಾರಿಗೆ ಬೇರೆ ಎಲೆ ಬಿಸಾಡುತ್ತಾನೆ. ಕಳಾವರ್‌ನಲ್ಲಿ ಹೊರಗಿದ್ದ ಆರು ಎಲೆಗಳು ಮೂರು ಸುತ್ತುಗಳಲ್ಲಿ ಇಬ್ಬರಿಂದಲೂ ಮೂರು ಮೂರಾಗಿ ಬೀಳುತ್ತವೆ. ಲೆಕ್ಕ ಈಗ ಸಿದ್ಧ: ಆರು ಇಸ್ಪೀಟು, ಎರಡು ಆಟೀನು, ಮೂರು ಕಳಾವರ್ ಸೇರಿ 11. ಪಶ್ಚಿಮದವನಿಗೆ ಬಂದಿದ್ದ ಡೈಮಂಡ್‌ಗಳು ಎರಡೇ, ಪೂರ್ವದವನಿಗೆ ಮೂರು. ರಾಣಿ ಪೂರ್ವದಲ್ಲಿರುವ ಸಾಧ್ಯತೆ ಐದರಲ್ಲಿ ಮೂರು ಪಾಲು, ಅಂದರೆ ಶೇ. 60. ಆದ್ದರಿಂದ ಮೊದಲು ಉತ್ತರದ ರಾಜನನ್ನು ಆಡಿ, ಅನಂತರ ಅಲ್ಲಿಂದಲೇ ಚಿಕ್ಕ ಎಲೆ ಬಿಟ್ಟು, ಪೂರ್ವದವನೂ ಚಿಕ್ಕದನ್ನೇ ಹಾಕಿದರೆ ದಕ್ಷಿಣದ ಹತ್ತನ್ನು ಹಾಕುವುದು ಸರಿಯಾದ ಆಟ.

ಶೇ. 60 ಎಂದರೆ ಖಚಿತವಲ್ಲ; ಸರಿಯಾಗಿ ಎಣಿಸಿಯೂ ಸೋಲಬಹುದು. ಅಂಕಗಳ ಎಣಿಕೆ ಕೆಲವೊಮ್ಮೆ ಇದಕ್ಕಿಂತ ಗಟ್ಟಿಯಾದ ಉತ್ತರ ಕೊಡುತ್ತದೆ. ಕೂಗಿನ ಸರದಿ ಮೊದಲು ತನಗೇ ಬಂದಾಗ ಪಾಸ್ ಎಂದ ಎದುರಾಳಿ ಆಟದಲ್ಲಿ ಈಗಾಗಲೇ 11 ಅಂಕಗಳ ಎಲೆಗಳನ್ನು ತೋರಿಸಿದ್ದರೆ, ಕಾಣೆಯಾದ ರಾಣಿ ಬಹುಮಟ್ಟಿಗೆ ಅವನಲ್ಲಿಲ್ಲ. ಇದ್ದಿದ್ದರೆ 13 ಅಂಕಗಳಾಗಿ ಅವನು ಕೂಗನ್ನು ಆರಂಭಿಸುತ್ತಿದ್ದನು. ಸುಮ್ಮನಿದ್ದುದೂ ಇಲ್ಲಿ ಒಂದು ಮಾಹಿತಿ.

ಯಾವ ಸುಳಿವೂ ಇಲ್ಲದಾಗ ಸಂಭವನೀಯತೆಯ ಸಾಮಾನ್ಯ ಲೆಕ್ಕವೇ ಆಧಾರ. ಹೊರಗೆ ಐದು ಎಲೆಗಳಿದ್ದರೆ ಅವು 3–2 ಆಗಿ ಹಂಚಿರುವ ಸಾಧ್ಯತೆ ಸುಮಾರು ಶೇ. 68. ಆರು ಎಲೆಗಳಿದ್ದರೆ 3–3 ಆಗಿರುವುದು ಶೇ. 36 ಮಾತ್ರ, 4–2 ಆಗಿರುವುದು ಶೇ. 48. ಸಮಸಂಖ್ಯೆಯ ಎಲೆಗಳು ಸಮವಾಗಿ ಹಂಚಿಕೊಳ್ಳುವುದು ಕಡಿಮೆ ಎಂಬುದು ಹೊಸಬರಿಗೆ ಸಾಮಾನ್ಯವಾಗಿ ಅಚ್ಚರಿ ತರುವ ಸಂಗತಿ.

ಶಿಷ್ಟಾಚಾರ ಮತ್ತು ನಿಯಮ

ಸ್ಪರ್ಧಾತ್ಮಕ ಬ್ರಿಡ್ಜ್‌ನ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲಿ (2017ರ ಆವೃತ್ತಿ) 16ನೆಯ ನಿಯಮ ಅನಧಿಕೃತ ಮಾಹಿತಿಯನ್ನು ಕುರಿತದ್ದು, 74ನೆಯದು ವರ್ತನೆ ಮತ್ತು ಶಿಷ್ಟಾಚಾರಗಳನ್ನು ಕುರಿತದ್ದು. ಮೇಜಿನ ಬಳಿ ಹೆಚ್ಚು ಜಗಳ ಹುಟ್ಟಿಸುವುದು ಮೊದಲನೆಯದು. ಒಬ್ಬನು ಕೂಗುವ ಮುನ್ನ ಬಹಳ ಹೊತ್ತು ಯೋಚಿಸಿ ಕೊನೆಗೆ ಪಾಸ್ ಎಂದರೆ, ಅವನ ಕೈಯಲ್ಲಿ ಏನೋ ಇದೆ ಎಂಬುದು ಜೊತೆಗಾರನಿಗೆ ತಿಳಿದುಬಿಡುತ್ತದೆ. ಯೋಚಿಸಿದ್ದು ತಪ್ಪಲ್ಲ. ಆದರೆ ಆ ತಡವನ್ನು ಆಧರಿಸಿ ಜೊತೆಗಾರನು ಮುಂದುವರಿಯಬಾರದು. ಬೇರೆ ಸಮಂಜಸ ಆಯ್ಕೆಯಿರುವಾಗ ತಡವು ಸೂಚಿಸಿದ ದಾರಿಯನ್ನೇ ಹಿಡಿದರೆ ಸ್ಪರ್ಧಾ ನಿರ್ದೇಶಕರು ಅಂಕಗಳನ್ನು ತಿದ್ದಬಹುದು. ಹೀಗಾಗಿ ತಡವರಿಸಿದವನಿಗಿಂತ ಅವನ ಜೊತೆಗಾರನ ಮೇಲೆಯೇ ನೈತಿಕ ಭಾರ ಹೆಚ್ಚು. ಹೇಳಲು ಬಾರದೆ ತಿಳಿದುಹೋದದ್ದನ್ನು ತಿಳಿಯದವನಂತೆ ಆಡಬೇಕಾದದ್ದು ಈ ಆಟದ ಅತ್ಯಂತ ಕಠಿಣ ಬೇಡಿಕೆ.

ದನಿಯ ಏರಿಳಿತದಿಂದ ಸೂಚನೆ ಹೋಗದಿರಲೆಂದು ಸ್ಪರ್ಧೆಗಳಲ್ಲಿ ಬಾಯಿಂದ ಕೂಗುವುದಿಲ್ಲ. ಪ್ರತಿಯೊಬ್ಬರ ಬಳಿ ಕೂಗುಗಳನ್ನು ಅಚ್ಚುಹಾಕಿದ ಎಲೆಗಳ ಪೆಟ್ಟಿಗೆಯಿದ್ದು, ಬೇಕಾದುದನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಸರದಿ ಬರುವ ಮುನ್ನ ಎಲೆಯನ್ನು ಕೈಯಿಂದ ಬೇರ್ಪಡಿಸಿ ಹಿಡಿಯುವುದು, ಎದುರಾಳಿ ಕೈಯ ಯಾವ ಜಾಗದಿಂದ ಎಲೆ ತೆಗೆದನೆಂದು ದಿಟ್ಟಿಸಿ ನೋಡುವುದು, ಜೊತೆಗಾರನ ಕೂಗಿಗೆ ಮೆಚ್ಚುಗೆಯನ್ನೋ ಬೇಸರವನ್ನೋ ತೋರುವುದು ಇವೆಲ್ಲ ನಿಷಿದ್ಧ. ಡಮ್ಮಿಯಾದವನು ಆಟದಲ್ಲಿ ಸಲಹೆ ಕೊಡುವಂತಿಲ್ಲ; ಆದರೆ ಡಿಕ್ಲೇರರನು ಆಡಿದ ಜಾತಿಯ ಎಲೆಯನ್ನು ಹಾಕದಿದ್ದಾಗ ‘ಆ ಜಾತಿ ಇಲ್ಲವೇ?’ ಎಂದು ಕೇಳಬಹುದು.

ಮೋಸದ ಪ್ರಕರಣಗಳು

1965ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಪಿರೊ ಎಲೆ ಹಿಡಿಯುವ ಬೆರಳುಗಳ ಸಂಖ್ಯೆಯಿಂದ ಆಟೀನುಗಳ ಎಣಿಕೆಯನ್ನು ತಿಳಿಸುತ್ತಿದ್ದರೆಂಬ ಆರೋಪ ಬಂದಿತು. ವಿಶ್ವ ಬ್ರಿಡ್ಜ್ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು. ಬ್ರಿಟನ್ನಿನಲ್ಲಿ ನಡೆದ ವಿಚಾರಣೆ 1966ರಲ್ಲಿ ಆರೋಪ ಸಾಬೀತಾಗಲಿಲ್ಲವೆಂದಿತು. 1975ರ ಬರ್ಮುಡಾ ಸ್ಪರ್ಧೆಯಲ್ಲಿ ಜೊತೆಗಾರರು ಪರಸ್ಪರ ಕಾಣದಂತೆ ಮೇಜಿನ ನಡುವೆ ಪರದೆ ಹಾಕಲಾಯಿತು. ಆಗ ಇಟಲಿಯ ಒಂದು ಜೋಡಿಯ ಮೇಲೆ ಮೇಜಿನ ಕೆಳಗೆ ಕಾಲು ತಾಗಿಸಿದ ಆರೋಪ ಬಂದಿತು. ಮೇಜಿನ ಕೆಳಗೂ ಅಡ್ಡ ಬಂದಿತು.

ಜೂಜು, ಕಾನೂನು ಮತ್ತು ರಾಯಚೂರು ಸೀಮೆ

ರಾಯಚೂರು, ದೇವದುರ್ಗ, ಮಾನ್ವಿಗಳ ಕಡೆ ಇಸ್ಪೀಟು ಎಂದೊಡನೆ ಅಂದರ್–ಬಾಹರ್ ನೆನಪಾಗುವುದೇ ಹೆಚ್ಚು. ಪೊಲೀಸ್ ದಾಳಿಯ ಸುದ್ದಿಗಳಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಬೆಲೆಯ ಇನ್ನೊಂದು ಎಲೆ ಒಳಗಿನ ಗುಂಪಿಗೆ ಬೀಳುವುದೋ ಹೊರಗಿನದಕ್ಕೋ ಎಂದು ಪಣ ಕಟ್ಟುತ್ತಾರೆ. ಮೊದಲ ಎಲೆ ಬೀಳುವ ಗುಂಪು ಗೆಲ್ಲುವ ಸಾಧ್ಯತೆ ಸುಮಾರು ಶೇ. 51.5, ಇದಕ್ಕಿಂತ ಹೆಚ್ಚಿನ ಲೆಕ್ಕಕ್ಕೆ ಅಲ್ಲಿ ಎಡೆಯಿಲ್ಲ.

ಈ ವ್ಯತ್ಯಾಸವನ್ನು ಕಾನೂನೂ ಗುರುತಿಸಿದೆ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಸಂಸ್ಥಾನದ ಕಾಲದ, ಫಸಲಿ 1305ರ ಜೂಜು ಕಾಯಿದೆಯಡಿ ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ ಹೂಡಲಾದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಆ ಪ್ರಕರಣದಲ್ಲಿ 1967ರ ನವೆಂಬರ್‌ನಲ್ಲಿ ಬಂದ ತೀರ್ಪು, ಮೂರೆಲೆಯ ಆಟವನ್ನು ಕೇವಲ ಅದೃಷ್ಟದ್ದೆಂದೂ ರಮ್ಮಿಯನ್ನು ಪ್ರಧಾನವಾಗಿ ಕೌಶಲದ್ದೆಂದೂ ಬೇರ್ಪಡಿಸಿತು. ಬಿದ್ದ ಎಲೆಗಳನ್ನು ನೆನಪಿಡಬೇಕಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ರಮ್ಮಿಯಲ್ಲಿರುವ ಅದೃಷ್ಟದ ಅಂಶ ಬ್ರಿಡ್ಜ್‌ನ ಹಂಚಿಕೆಯಲ್ಲಿರುವಂಥದ್ದೇ ಎಂದೂ ನ್ಯಾಯಾಲಯ ಹೇಳಿತು. ಹೀಗೆ ಬ್ರಿಡ್ಜ್ ವಿಚಾರಣೆಗೆ ಒಳಗಾಗದೆಯೇ ಅಳತೆಗೋಲಾಯಿತು. ಆದರೆ ಕ್ಲಬ್ಬಿನ ಮಾಲೀಕರು ಆಟದಿಂದ ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದೆಂಬ ಎಚ್ಚರಿಕೆಯೂ ತೀರ್ಪಿನಲ್ಲಿದೆ.

ಡುಪ್ಲಿಕೇಟ್ ಎಂಬ ಸ್ಪರ್ಧಾ ಪದ್ಧತಿಯಲ್ಲಿ ಹಂಚಿಕೆಯ ಅದೃಷ್ಟವನ್ನೂ ಬಹುಪಾಲು ತೆಗೆದುಹಾಕಲಾಗುತ್ತದೆ. ಅದೇ ನಾಲ್ಕು ಕೈಗಳನ್ನು ಹಲವು ಮೇಜುಗಳಲ್ಲಿ ಆಡಿಸಿ, ಅದೇ ಎಲೆಗಳಿಂದ ಯಾರು ಹೆಚ್ಚು ಸಾಧಿಸಿದರೆಂದು ಹೋಲಿಸುತ್ತಾರೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಪುರುಷರ ಜೋಡಿ ವಿಭಾಗದ ಚಿನ್ನವನ್ನು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಗೆದ್ದರು. ಆಗ ಬರ್ಧನ್ ಅವರಿಗೆ 60 ವರ್ಷ, ಸರ್ಕಾರ್ ಅವರಿಗೆ 56.