‘ಹಿಯರ್ ಅಂಡ್ ನೌ’ ಎಂದರೆ ಎಲ್ಲಿ, ಯಾವಾಗ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ನವಿಲುತೀರ್ಥ ಡ್ಯಾಂನಿಂದ ಈಗ ನೀರು ಬಿಟ್ಟಿದ್ದಾರೆ, ಇಲ್ಲಿ ಸೇತುವೆ ಮುಳುಗಿದೆ.’ ಇಂಥ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ತಕ್ಷಣ ಕಳಿಸಬೇಕೇ?

ಇಂಗ್ಲಿಷ್‌ನ ‘ಹಿಯರ್ ಅಂಡ್ ನೌ’ ಎಂದರೆ ‘ಇಲ್ಲೇ, ಈಗಲೇ’. ಜಗಳವನ್ನು ಇಲ್ಲೇ, ಈಗಲೇ ಮುಗಿಸೋಣ ಎನ್ನುವಾಗ ಬಳಸುತ್ತಾರೆ. ಈ ಪದಗಳಿಗೆ ಸ್ವಂತ ಊರೂ ಇಲ್ಲ, ಗಂಟೆಯೂ ಇಲ್ಲ. ಹೇಳುವವರು ನಿಂತ ಜಾಗವೇ ‘ಇಲ್ಲಿ’, ಹೇಳಿದ ಹೊತ್ತೇ ‘ಈಗ’. ಎದುರಿಗೆ ಮಾತಾಡುವಾಗ ಗೊಂದಲವಿಲ್ಲ. ಫಾರ್ವರ್ಡ್ ಆದಾಗ ಮಾತ್ರ ಓದುವವರು ತಮ್ಮ ಊರು, ತಮ್ಮ ಹೊತ್ತು ಎಂದುಕೊಳ್ಳುತ್ತಾರೆ.

ನವಿಲುತೀರ್ಥ ಅಣೆಕಟ್ಟು ಸವದತ್ತಿ ತಾಲ್ಲೂಕಿನಲ್ಲಿದೆ. ಅದರ ಕೆಳಗೆ, ಮಲಪ್ರಭೆಯ ದಂಡೆಯಲ್ಲಿರುವ ರಾಮದುರ್ಗಕ್ಕೆ 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿತ್ತು. ಆ ದಿನದ ‘ಈಗ’ ಇಂದು ಬಂದರೆ ಸುಳ್ಳು ಗಾಬರಿ. ಕಿತ್ತೂರು, ಬೈಲಹೊಂಗಲ ಅಣೆಕಟ್ಟಿಗಿಂತ ಮೇಲಿವೆ. ಬಿಟ್ಟ ನೀರು ಅಲ್ಲಿಗೆ ಹೋಗುವುದೇ ಇಲ್ಲ. ಸುಳ್ಳು ಗಾಬರಿ ಹೆಚ್ಚಾದರೆ ನಿಜವಾದ ಎಚ್ಚರಿಕೆಯನ್ನು ಯಾರೂ ನಂಬುವುದಿಲ್ಲ.

ನೆನಪಿಡಿ: ವಾಟ್ಸ್‌ಆ್ಯಪ್ ತೋರಿಸುವ ಗಂಟೆ ಸಂದೇಶ ಕಳಿಸಿದ್ದು, ಘಟನೆ ನಡೆದದ್ದಲ್ಲ.

ಹಾಗಾದರೆ ಏನು ಮಾಡಬೇಕು? ‘ಯಾವ ಊರು? ಯಾವ ತಾರೀಖು?’ ಎಂದು ಕಳಿಸಿದವರನ್ನು ಕೇಳಿ. ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ನೀವೇ ಬರೆಯುವುದಾದರೆ ಊರು, ತಾರೀಖು, ಗಂಟೆ ಮೂರನ್ನೂ ಹಾಕಿ.