ನಿಮಗಿದು ಗೊತ್ತೆ? ಹಳೆ ಮಾರುಕಟ್ಟೆಯಲ್ಲಿ ಬೀಚ್!

ಬರ್ಮಿಂಗ್‌ಹ್ಯಾಮ್‌ಗೆ ಕಡಲತೀರವೇ ಇಲ್ಲ. ಆದರೂ 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಬೀಚ್ ವಾಲಿಬಾಲ್ ನಡೆದದ್ದು ಅಲ್ಲೇ, ಊರಿನ ನಟ್ಟನಡುವೆ! ಹಿಂದೆ ಸಗಟು ಮಾರುಕಟ್ಟೆ ಇದ್ದ ಸ್ಮಿತ್‌ಫೀಲ್ಡ್‌ ಜಾಗಕ್ಕೆ ಮರಳು ತಂದು ಸುರಿದು, ತಾತ್ಕಾಲಿಕ ಅಂಕಣ ಕಟ್ಟಿದ್ದರು.

ಆ ಮರಳಲ್ಲಿ ಮಿಂಚಿದವರಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ವನುವಾಟುವಿನ ಮಹಿಳೆಯರೂ ಇದ್ದರು. ಸುಮಾರು 3 ಲಕ್ಷ ಜನರ ಆ ದೇಶಕ್ಕೆ ಮಿಲ್ಲರ್ ಪಾಟಾ ಮತ್ತು ಶೆರಿಸಿನ್ ಟೊಕೊ ಕಂಚು ಗೆದ್ದುಕೊಟ್ಟರು. ಎಂಥ ಸಾಧನೆ! ಪಾಟಾ ಅವರಿಗೆ ಅದು ಎರಡನೆಯ ಕಂಚು. ಈ ಆಟ ಕೂಟಕ್ಕೆ ಮೊದಲ ಸಲ ಸೇರಿದ 2018ರಲ್ಲಿ, ಆಸ್ಟ್ರೇಲಿಯಾದ ಕೂಲಂಗಟ್ಟಾ ಕಡಲತೀರದಲ್ಲೂ ಅವರು ಪದಕ ಗೆದ್ದಿದ್ದರು.

ಇನ್ನೊಂದು ವಿಶೇಷ. ಗಾಳಿ, ಬಿಸಿಲಿನ ಲಾಭ ಒಂದೇ ತಂಡಕ್ಕೆ ಸಿಗಬಾರದಲ್ಲ? ಅದಕ್ಕೇ ಪ್ರತಿ 7 ಅಂಕಕ್ಕೊಮ್ಮೆ ಎರಡೂ ತಂಡಗಳು ಅಂಕಣದ ಬದಿ ಬದಲಿಸುತ್ತವೆ. ನಿರ್ಣಾಯಕ ಸೆಟ್‌ನಲ್ಲಿ 5 ಅಂಕಕ್ಕೊಮ್ಮೆ.